ಒಂದೇ ಸಿಲಿಂಡರು, ಮೂರು ಊರು

ಉದಗೀರದಿಂದ ದೇವಣಿ, ನಿಲಂಗಾ, ಕಾಸಾರ ಶಿರ್ಸಿ ಹಾದು ಉಮರ್ಗಾ ಮುಟ್ಟುವ ದಾರಿಗೆ ಹಳೇ ಬುಲೆಟ್ಟಿನಷ್ಟು ಒಪ್ಪುವ ಗಾಡಿ ಇನ್ನೊಂದಿಲ್ಲ ಎಂಬುದು ನನ್ನ ಗಟ್ಟಿ ನಂಬಿಕೆ. ಎರಡೂ ಕಡೆ ಎರೆಭೂಮಿ. ಮಳೆಗಾಲದಲ್ಲಿ ಸೋಯಾ, ತೊಗರಿ; ಹಿಂಗಾರಿಗೆ ಬಿಳಿಜೋಳ, ಕಡಲೆ. ನಡುವೆ ಕಬ್ಬಿನ ಟ್ರ್ಯಾಕ್ಟರು ಅಡ್ಡ ಬರುತ್ತದೆ, ದೇವಣಿ ತಳಿಯ ದನಗಳು ತಮ್ಮ ಪಾಡಿಗೆ ತಾವು ರಸ್ತೆ ದಾಟುತ್ತವೆ. ಇಂಥಲ್ಲಿ ಐವತ್ತರ ಮೇಲೆ ಓಡಿಸಿ ಗಳಿಸುವುದೇನಿದೆ? ಐವತ್ತರಲ್ಲಿ ನಾಲ್ಕನೇ ಗೇರಿಗೆ ಹಾಕಿ ಬಿಟ್ಟರೆ ಎಂಜಿನ್ನು ಸಾವಕಾಶವಾಗಿ ಬಡಿದುಕೊಂಡು ಹೋಗುತ್ತದೆ. ದನ ಅಡ್ಡ ಬಂದರೆ ಎಕ್ಸಲೇಟರ್ ಇಳಿಸಿದರಾಯಿತು, ದಾಟಿದ ಮೇಲೆ ಏರಿಸಿದರಾಯಿತು. ಗೇರಿನ ತಂಟೆಗೆ ಹೋಗಬೇಕಾದದ್ದೇ ಅಪರೂಪ.

ಇದಕ್ಕೆ ಕಾರಣ ಸಿಲಿಂಡರಿನ ಅಳತೆಯಲ್ಲೇ ಇದೆ. ಬುಲೆಟ್ 350ರ ಬೋರು 70 ಮಿಲಿಮೀಟರು, ಸ್ಟ್ರೋಕು 90. ಅಗಲ ಕಡಿಮೆ, ಎತ್ತರ ಹೆಚ್ಚು. ಪಿಸ್ಟನ್ನು ದೂರ ಹೋಗಿ ದೂರ ಬರುತ್ತದೆ. ಕೆಳಗೆ ಭಾರವಾದ ಫ್ಲೈವ್ಹೀಲುಗಳು ಒಂದು ಹೊಡೆತಕ್ಕೂ ಮತ್ತೊಂದಕ್ಕೂ ನಡುವಿನ ಬಿಡುವನ್ನು ತಾವು ಹೊತ್ತು ಸಾಗಿಸುತ್ತವೆ. 346 ಸಿಸಿಯ ಈ ಎಂಜಿನ್ನು ಓಟಕ್ಕೆ ಹುಟ್ಟಿದ್ದಲ್ಲ, ಎಳೆಯಲಿಕ್ಕೆ ಹುಟ್ಟಿದ್ದು. ಹಾಲಿನ ಕ್ಯಾನು ಎರಡೂ ಕಡೆ ಕಟ್ಟಿಕೊಂಡು, ಹಿಂದೆ ಒಬ್ಬರನ್ನು ಕೂಡಿಸಿಕೊಂಡು ಏರು ಹತ್ತುವವರಿಗೆ ಇದರ ಬೆಲೆ ಗೊತ್ತು.

ಇಂಗ್ಲೆಂಡಿನ ರೆಡ್ಡಿಚ್ ಎಂಬ ಊರಿನ ರಾಯಲ್ ಎನ್‌ಫೀಲ್ಡ್ ಕಂಪನಿ ಬುಲೆಟ್ ಎಂಬ ಹೆಸರನ್ನು ಮೊದಲು ಇಟ್ಟದ್ದು 1932ರಲ್ಲಿ. ನಾವು ಇಂದಿಗೂ ಗುರುತು ಹಿಡಿಯುವ ಆಕಾರದ 350 ಬಂದದ್ದು 1949ರ ಹೊತ್ತಿಗೆ. ಹಿಂದಿನ ಗಾಲಿಗೂ ಶಾಕ್ ಅಬ್ಸಾರ್ಬರ್ ಕೊಟ್ಟದ್ದು ಆಗ ದೊಡ್ಡ ಸುದ್ದಿ. ಐವತ್ತರ ದಶಕದ ಮೊದಲ ವರ್ಷಗಳಲ್ಲಿ ನಮ್ಮ ಸೈನ್ಯ ನೂರಾರು ಗಾಡಿಗಳಿಗೆ ಆರ್ಡರ್ ಕೊಟ್ಟಿತು. 1955ರಲ್ಲಿ ಮದರಾಸಿನಲ್ಲಿ ಎನ್‌ಫೀಲ್ಡ್ ಇಂಡಿಯಾ ಶುರುವಾಯಿತು, ತಿರುವೊಟ್ಟಿಯೂರಿನಲ್ಲಿ ಕಾರ್ಖಾನೆ ಎದ್ದಿತು. ಮೊದಮೊದಲು ಬಿಡಿಭಾಗ ಹಡಗಿನಲ್ಲಿ ಬಂದು ಇಲ್ಲಿ ಜೋಡಣೆಯಾಗುತ್ತಿದ್ದವು, ಆಮೇಲೆ ಎಲ್ಲವೂ ಇಲ್ಲೇ ತಯಾರು. ಅತ್ತ ಇಂಗ್ಲೆಂಡಿನ ಕಂಪನಿ 1970ಕ್ಕೆ ಬಾಗಿಲು ಹಾಕಿತು. 1977ರಲ್ಲಿ ಮದರಾಸಿನ ಬುಲೆಟ್ಟು ಹಡಗು ಹತ್ತಿ ಇಂಗ್ಲೆಂಡಿಗೇ ಮಾರಾಟಕ್ಕೆ ಹೋಯಿತು. ಈ ಸಂಗತಿ ನೆನೆದಾಗಲೆಲ್ಲ ನನಗೆ ಹೆಮ್ಮೆ ಉಕ್ಕುತ್ತದೆ.

ಗಾಡಿಗೆ ಊರು ಬದಲಾದ ಆ ವರ್ಷಗಳಲ್ಲೇ ನಮ್ಮ ಊರುಗಳಿಗೆ ರಾಜ್ಯ ಬದಲಾಯಿತು. ಉದಗೀರ, ನಿಲಂಗಾ ಎರಡೂ 1956ರವರೆಗೆ ಹೈದರಾಬಾದ್ ರಾಜ್ಯದ ಬೀದರ ಜಿಲ್ಲೆಯ ತಾಲ್ಲೂಕುಗಳು. ಉಮರ್ಗಾ ಉಸ್ಮಾನಾಬಾದಿಗೆ ಸೇರಿತ್ತು. ಆ ನವೆಂಬರ್ 1ಕ್ಕೆ ಬೀದರ, ಭಾಲ್ಕಿ, ಬಸವಕಲ್ಯಾಣ ಮೈಸೂರಿಗೆ ಬಂದವು, ಉದಗೀರ ನಿಲಂಗಾ ಮುಂಬಯಿ ರಾಜ್ಯಕ್ಕೆ ಹೋದವು. 1960ಕ್ಕೆ ಮಹಾರಾಷ್ಟ್ರ, 1982ಕ್ಕೆ ಲಾತೂರು ಜಿಲ್ಲೆ. ಬೀಗತನ ಮಾತ್ರ ಗೆರೆ ನೋಡಲಿಲ್ಲ. ಅಕ್ಕನನ್ನು ಭಾಲ್ಕಿಗೆ ಕೊಟ್ಟಿರುತ್ತಾರೆ, ಸೊಸೆಯನ್ನು ಆಳಂದದಿಂದ ತಂದಿರುತ್ತಾರೆ. ಮನೆಯಲ್ಲಿ ಕನ್ನಡ, ಪೇಟೆಯಲ್ಲಿ ಮರಾಠಿ, ಗ್ಯಾರೇಜಿನಲ್ಲಿ ದಖ್ಖನಿ. ಗಾಡಿಗಳೂ ಹಾಗೆಯೇ ಆಚೀಚೆ ಕೈ ಬದಲಾಗುತ್ತವೆ. ಆದರೆ ಭಾಲ್ಕಿಯ ಕೆ.ಎ. 39 ಗಾಡಿ ಉದಗೀರದವನ ಹೆಸರಿಗೆ ಆಗಬೇಕಾದರೆ ಎನ್‌ಒಸಿ ಬೇಕು, ಟ್ಯಾಕ್ಸು ಕಟ್ಟಬೇಕು, ಎರಡು ರಾಜ್ಯದ ಆರ್‌ಟಿಒ ಕಚೇರಿಗಳಿಗೆ ಓಡಾಡಬೇಕು. ಎಷ್ಟೋ ಒಳ್ಳೆಯ ಗಾಡಿಗಳು ಈ ಕಾಗದದ ತೊಡಕಿಗೇ ಸಿಕ್ಕು ದನದ ಕೊಟ್ಟಿಗೆಯಲ್ಲಿ ತುಕ್ಕು ಹಿಡಿಯುತ್ತಿವೆ. ಗಡಿ ಜಿಲ್ಲೆಗಳಿಗಾದರೂ ಇದನ್ನು ಸರಳ ಮಾಡಬೇಕು.

ಬುಲೆಟ್ಟಿಗಿಂತ ಮುಂಚೆ ಈ ದೇಶದ ದಾರಿಗಳಿಗೆ ಬಂದ ಒಂಟಿ ಸಿಲಿಂಡರುಗಳು ಬಹುಪಾಲು ಮಿಲಿಟರಿಯವು. ಎರಡನೇ ಮಹಾಯುದ್ಧದಲ್ಲಿ ಬ್ರಿಟಿಷ್ ಸೈನ್ಯದ ಸುದ್ದಿಸವಾರರು ಓಡಿಸಿದ್ದು ಬಿಎಸ್‌ಎ ಎಂ20, ನಾರ್ಟನ್ 16ಎಚ್, ಮ್ಯಾಚ್‌ಲೆಸ್ ಜಿ3ಎಲ್ ಗಾಡಿಗಳನ್ನು. ಎಂ20 ಒಂದೇ ಲಕ್ಷಕ್ಕೂ ಮಿಕ್ಕಿ ತಯಾರಾಗಿತ್ತು. ಯುದ್ಧ ಮುಗಿದ ಮೇಲೆ ಹರಾಜಿನಲ್ಲಿ ಅವು ಊರೂರು ಸೇರಿದವು. ಸೈನ್ಯ ನಮ್ಮ ದಾರಿಗೂ ಬಂದಿತ್ತು: 1948ರ ಸೆಪ್ಟೆಂಬರಿನಲ್ಲಿ ಹೈದರಾಬಾದ್ ಸಂಸ್ಥಾನದ ಮೇಲೆ ನಡೆದ ಪೊಲೀಸ್ ಕಾರ್ಯಾಚರಣೆಯಲ್ಲಿ ಭಾರತದ ಸೈನ್ಯ ಸೊಲ್ಲಾಪುರದಿಂದ ಹೊರಟು ಮೊದಲ ದಿನ ನಳದುರ್ಗ ಹಿಡಿದು, ಮರುದಿನ ಉಮರ್ಗಾದಿಂದ ರಾಜೇಶ್ವರದತ್ತ ಸಾಗಿದ್ದು ಈಗ ಲಾರಿಗಳು ಬೋರ್ಗರೆಯುವ ಹೈದರಾಬಾದ್ ಹೆದ್ದಾರಿಯ ಮೇಲೇ. ಉಮರ್ಗಾ ಚೌಕದಲ್ಲಿ ಚಹಾ ಕುಡಿಯುವಾಗ ಹಳಬರು ಇನ್ನೂ ರಜಾಕಾರರ ಕಾಲದ ಮಾತು ತೆಗೆಯುತ್ತಾರೆ.

ಈಗ ಕಿಕ್ಕಿನ ಮಾತಿಗೆ ಬರೋಣ. ಹಳೇ ಬುಲೆಟ್ಟು ಚಾಲೂ ಆಗುವುದು ಕಾಲಿನ ಬಲದಿಂದಲ್ಲ. ಚಾವಿ ತಿರುಗಿಸಿದರೆ ಹೆಡ್‌ಲೈಟಿನ ಮೇಲಿನ ಆಂಪಿಯರ್ ಮೀಟರಿನ ಮುಳ್ಳು ಒಂದು ಬದಿಗೆ ವಾಲುತ್ತದೆ. ಎಡಗೈಯಲ್ಲಿ ಡಿಕಂಪ್ರೆಸರ್ ಲಿವರ್ ಒತ್ತಿಹಿಡಿದು ಕಿಕ್ಕನ್ನು ಮೆಲ್ಲಗೆ ಇಳಿಸುತ್ತ ಬಂದರೆ ಒಂದು ಗಳಿಗೆಗೆ ಮುಳ್ಳು ನಡುಮಧ್ಯಕ್ಕೆ ಬಂದು ನಿಲ್ಲುತ್ತದೆ. ಕಿಡಿ ಹೊತ್ತಿಸುವ ಪಾಯಿಂಟು ಬಿಟ್ಟಿತು, ಪಿಸ್ಟನ್ನು ತುದಿ ಮುಟ್ಟಿತು ಎಂದು ಅರ್ಥ. ಅಲ್ಲಿಗೆ ಲಿವರ್ ಬಿಡಬೇಕು, ಕಿಕ್ಕನ್ನು ಮೇಲಕ್ಕೆ ಬರಗೊಡಬೇಕು, ಆಮೇಲೆ ಒಂದೇ ಉದ್ದ ತುಳಿತ. ಅವಸರ ಮಾಡಿದರೆ, ಅಥವಾ ಟೈಮಿಂಗ್ ಮುಂದಾಗಿದ್ದರೆ, ಕಿಕ್ಕು ವಾಪಸು ಹೊಡೆದು ಮೊಣಕಾಲಿಗೆ ತಗಲುತ್ತದೆ. ಐವತ್ತು ಕಿಲೋದ ಹುಡುಗಿಯೂ ಇದನ್ನು ಸಲೀಸಾಗಿ ಚಾಲೂ ಮಾಡುವುದನ್ನು ನೋಡಿದ್ದೇನೆ, ಪೈಲವಾನನಂಥವನು ಬೆವರು ಸುರಿಸಿ ಸೋತದ್ದನ್ನೂ ನೋಡಿದ್ದೇನೆ.

ಟೈಮಿಂಗ್ ಕೂಡಿಸುವುದನ್ನು ನೋಡಬೇಕಾದರೆ ಉದಗೀರದ ನಮ್ಮ ಮಿಸ್ತ್ರಿ ಚಾಚಾರ ಹತ್ತಿರ ಕೂಡಬೇಕು. ಪ್ಲಗ್ ಬಿಚ್ಚಿ ಆ ತೂತಿನೊಳಗೆ ಸೈಕಲ್ ಸ್ಪೋಕು ಇಳಿಬಿಟ್ಟು ಪಿಸ್ಟನ್ನು ಎಲ್ಲಿದೆ ಎಂದು ನೋಡುತ್ತಾರೆ. ಸಿಗರೇಟು ಪಾಕೀಟಿನ ತೆಳ್ಳನೆಯ ಬೆಳ್ಳಿಕಾಗದವನ್ನು ಪಾಯಿಂಟಿನ ನಡುವೆ ಸಿಗಿಸಿ, ಒಂದು ಕೈಯಲ್ಲಿ ಅದನ್ನು ಹದವಾಗಿ ಜಗ್ಗುತ್ತ ಇನ್ನೊಂದು ಕೈಯಲ್ಲಿ ಎಂಜಿನ್ನು ತಿರುಗಿಸುತ್ತಾರೆ. ಕಾಗದ ಜಾರಿ ಕೈಗೆ ಬಂದ ಕ್ಷಣವೇ ಪಾಯಿಂಟು ತೆರೆಯುವ ಕ್ಷಣ. ಆಮೇಲೆ ಟ್ಯಾಪೆಟ್ಟು. ಎಂಜಿನ್ನು ಪೂರಾ ತಣ್ಣಗಿರಬೇಕು. ಬಲಬದಿಯ ಮುಚ್ಚಳ ತೆಗೆದರೆ ಪುಷ್ ರಾಡಿನ ಬುಡ ಕಾಣುತ್ತದೆ. ಅದು ಬೆರಳಿನಿಂದ ಸಲೀಸಾಗಿ ತಿರುಗಬೇಕು, ಆದರೆ ಮೇಲೆ ಕೆಳಗೆ ಒಂದಿಷ್ಟೂ ಆಡಬಾರದು. ಗೇಜು ಬೇಕಿಲ್ಲ, ಬೆರಳು ಸಾಕು. “ಗಾಡಿ ತಾನೇ ಹೇಳ್ತದ ಮಾಸ್ತರ್ರೇ, ನಾವು ಸುಮ್ಮ ಕುಂತು ಕೇಳಬೇಕಷ್ಟೇ” ಎನ್ನುತ್ತಾರೆ ಚಾಚಾ. ಅವರ ಹತ್ತಿರ ಇಂಚಿನ ಪಾನಾಗಳ ಬೇರೆಯೇ ಒಂದು ಡಬ್ಬಿಯಿದೆ. ಹಳೇ ಗಾಡಿಯ ನಟ್ಟಿಗೆ ಮಿಲಿಮೀಟರಿನ ಪಾನಾ ಹಾಕಿ ಅದರ ಮೂಲೆ ಸವೆಸಿದವನ ಗತಿ ಮುಗಿಯಿತು, ಅವತ್ತು ಚಾಚಾ ಮಾತಾಡಿಸುವುದಿಲ್ಲ.

ಹಳೇ ಗಾಡಿ ಸರಿಪಡಿಸುವುದೆಂದರೆ ಕ್ರೋಮ್ ಹೊಡೆಸಿ ಪೇಂಟು ಬಳಿಸುವುದು ಎಂದು ತಿಳಿದವರೇ ಹೆಚ್ಚು. ನನ್ನ ಲೆಕ್ಕದಲ್ಲಿ ಅದು ಕಡೆಯ ಕೆಲಸ. ಮೊದಲು ಬೋರು, ರಿಂಗು, ಬಿಗ್ ಎಂಡ್, ಆಯಿಲ್ ಪಂಪು. ಈ ಎಂಜಿನ್ನಿನಲ್ಲಿ ಆಯಿಲ್ಲಿಗೆ ಬೇರೆ ಟ್ಯಾಂಕಿಲ್ಲ, ಕ್ರ್ಯಾಂಕ್‌ಕೇಸಿನ ಹಿಂಭಾಗವೇ ಟ್ಯಾಂಕು. ಸೋಸುವುದು ಒಂದು ಫೆಲ್ಟಿನ ಸುರುಳಿ. ಅದನ್ನು ಹೊತ್ತಿಗೆ ಸರಿಯಾಗಿ ಬದಲಿಸಿದರೆ ಎಂಜಿನ್ನು ದಶಕಗಟ್ಟಲೆ ಬಾಳುತ್ತದೆ. ಟ್ಯಾಂಕಿನ ಮೇಲಿನ ಚಿನ್ನದ ಬಣ್ಣದ ಗೆರೆಗಳು ಅರ್ಧ ಅಳಿಸಿದ್ದರೆ ಹಾಗೇ ಬಿಡಿ. ಬಲಗಾಲಿನ ಗೇರನ್ನು ಎಡಕ್ಕೆ ತರಿಸಬೇಡಿ. ಒಂದು ಮೇಲೆ, ಮೂರು ಕೆಳಗೆ. ಪಕ್ಕದಲ್ಲಿ ಹಿಮ್ಮಡಿಯಿಂದ ಒತ್ತಿದರೆ ನೇರ ನ್ಯೂಟ್ರಲ್ಲಿಗೆ ಬೀಳುವ ಪುಟ್ಟ ಲಿವರು. ಅಂಥ ಅನುಕೂಲ ಹೊಸ ಗಾಡಿಗಳಲ್ಲೂ ಕಾಣೆ. ಇನ್ನು ಸೈಲೆನ್ಸರ್ ಕೊರೆಸಿ ಊರಿಗೆಲ್ಲ ಕೇಳುವಂತೆ ಗುಂಡು ಹಾರಿಸುತ್ತ ಹೋಗುವ ಹುಡುಗರು ಆ ಎಂಜಿನ್ನಿನ ನಿಜವಾದ ದನಿಯನ್ನು ಕೇಳಿಯೇ ಇಲ್ಲ.

2021ರಲ್ಲಿ ಕೇಂದ್ರ ಸರ್ಕಾರ ಐವತ್ತು ವರ್ಷ ದಾಟಿದ ಗಾಡಿಗಳಿಗೆ ವಿಂಟೇಜ್ ನಿಯಮ ತಂದಿತು. ಹೊಸ ನೋಂದಣಿಗೆ 20,000 ರೂಪಾಯಿ, ನಂಬರಿನಲ್ಲಿ ‘ವಿ.ಎ.’ ಎಂಬ ಗುರುತು. ಹಳೆಯದನ್ನು ಉಳಿಸಲು ಕಾನೂನು ಬಂತಲ್ಲ ಎಂದು ಸಂತೋಷಪಟ್ಟೆ. ಆದರೆ ಹಾಗೆ ನೋಂದಾಯಿಸಿದ ಗಾಡಿಯನ್ನು ದಿನನಿತ್ಯ ಓಡಿಸುವಂತಿಲ್ಲ; ಪ್ರದರ್ಶನಕ್ಕೆ, ರ‍್ಯಾಲಿಗೆ, ರಿಪೇರಿಗೆ, ಪೆಟ್ರೋಲು ಹಾಕಿಸಲಿಕ್ಕೆ ಮಾತ್ರ ರಸ್ತೆಗಿಳಿಸಬೇಕು. ನನಗದು ಒಗ್ಗದು. ನಾನು ಐದೈದು ವರ್ಷಕ್ಕೆ ಮಾಮೂಲಿ ನವೀಕರಣ ಮಾಡಿಸಿಕೊಂಡು ಸಂತೆಗೂ ಹೊಲಕ್ಕೂ ಅದರಲ್ಲೇ ಹೋಗುತ್ತೇನೆ. ನಿಂತ ಗಾಡಿಯ ವಾಲ್ವು ಅಂಟುತ್ತದೆ, ಕಾರ್ಬೊರೇಟರಿನ ಜೆಟ್ಟು ಕಟ್ಟುತ್ತದೆ, ಟ್ಯಾಂಕಿನೊಳಗೆ ತುಕ್ಕು ಏಳುತ್ತದೆ.

ಡೀಸೆಲ್ ಬುಲೆಟ್ಟಿನ ಮಾತು ಬಿಟ್ಟರೆ ನಮ್ಮ ಕಡೆಯವರು ಒಪ್ಪುವುದಿಲ್ಲ. 325 ಸಿಸಿಯ ಟಾರಸ್. ಟ್ರ್ಯಾಕ್ಟರಿಗೆ ತಂದ ಡೀಸೆಲ್ಲಿನಲ್ಲೇ ಎರಡು ಲೀಟರು ಸುರಿದುಕೊಂಡರೆ ರೈತನ ವಾರದ ಓಡಾಟ ಮುಗಿಯುತ್ತಿತ್ತು. ಮೈಯೆಲ್ಲ ನಡುಗಿಸುತ್ತಿತ್ತು, ಓಟವೂ ಅಷ್ಟಕ್ಕಷ್ಟೇ, ಆದರೂ ಅದನ್ನು ಮಾರಿದವರು ಈಗಲೂ ಹಳಹಳಿಸುತ್ತಾರೆ. ಹಳೇ ಎರಕದ ಕಬ್ಬಿಣದ ಎಂಜಿನ್ನಿನ ತಯಾರಿಕೆಯೂ 2010ರ ಹೊತ್ತಿಗೆ ನಿಂತಿತು. ಈಗಿನವಕ್ಕೆ ಪಾಯಿಂಟಿಲ್ಲ, ಬೆಳ್ಳಿಕಾಗದದ ಕೆಲಸವಿಲ್ಲ. ಚಾಚಾರ ಕೈಕೆಳಗೆ ಕಲಿಯುವ ಹುಡುಗ ಸ್ಕ್ಯಾನರು ಹಿಡಿಯುವುದರಲ್ಲಿ ಚುರುಕು. ಕಿವಿಯನ್ನೂ ಕಲಿಸಿ ಎಂದು ಚಾಚಾರಿಗೆ ನಾನು ಹೋದಾಗಲೆಲ್ಲ ಹೇಳುತ್ತೇನೆ.

ಸದ್ಯ ನನ್ನ ಗಾಡಿಯ ಕ್ರ್ಯಾಂಕು ಹೊಸ ಕನೆಕ್ಟಿಂಗ್ ರಾಡಿಗಾಗಿ ಸೊಲ್ಲಾಪುರದ ಲೇತಿನವರ ಹತ್ತಿರ ಹೋಗಿದೆ. ತೊಗರಿ ರಾಶಿಯಾಗುವಷ್ಟರಲ್ಲಿ ಬರಬೇಕು. ಬಂದ ಮೇಲೆ ಮೊದಲ ಐನೂರು ಕಿಲೋಮೀಟರು ನಲವತ್ತರ ಮೇಲೆ ಹೋಗುವಂತಿಲ್ಲ. “ಅಷ್ಟೂ ಈ ಹುಡುಗನೇ ಹೊಡೀಲಿ” ಎಂದಿದ್ದಾರೆ ಚಾಚಾ. “ನಿಲಂಗಾಕ್ಕ ಹೋಗಿ ಬರ್ಲಿ, ಉಮರ್ಗಾಕ್ಕ ಹೋಗಿ ಬರ್ಲಿ. ಎಲ್ಲಿ ಸದ್ದು ಬದಲಾತು ಅಂತ ಬಂದು ನನಗ ಹೇಳಬೇಕು.” ನಾನು ಒಪ್ಪಿದ್ದೇನೆ, ಪೆಟ್ರೋಲು ನನ್ನದು.