ಎಷ್ಟ್ ಕೊಡ್ತದೆ?

ಹೊಸ ಕಾರಿನ ಚಕ್ರಕ್ಕೆ ಸಿಕ್ಕಿ ಅಪ್ಪಚ್ಚಿಯಾದ ನಿಂಬೆಹಣ್ಣಿನ ರಸ ಇನ್ನೂ ಆರಿರಲಿಲ್ಲ. ಎದುರುಮನೆಯ ಹಾಲಿನ ಡೇರಿ ಕಾರ್ಯದರ್ಶಿ ಕಾಂಪೌಂಡಿಗೆ ಮೊಣಕೈ ಊರಿ ಕೇಳಿಯೇಬಿಟ್ಟರು: "ಮೇಷ್ಟ್ರೇ, ಎಷ್ಟ್ ಕೊಡ್ತದೆ?"

ಮೂವತ್ತು ವರ್ಷ ಹೈಸ್ಕೂಲಿನಲ್ಲಿ ಕನ್ನಡ ವ್ಯಾಕರಣ ಹೇಳಿದವನು ನಾನು. ನಮ್ಮ ಮದ್ದೂರು ಸೀಮೆಯಲ್ಲಿ ಈ ವಾಕ್ಯಕ್ಕೆ ಕರ್ಮಪದವೇ ಬೇಕಿಲ್ಲ. ಸೀಮೆಹಸುವಿನ ಮುಂದೆ ನಿಂತು ಕೇಳಿದರೆ ಹಾಲು, ಕಬ್ಬಿನ ಗದ್ದೆಯ ಬದುವಿನ ಮೇಲೆ ನಿಂತು ಕೇಳಿದರೆ ಎಕರೆಗೆ ಟನ್ನು, ತೆಂಗಿನ ಬುಡದಲ್ಲಾದರೆ ಎಳನೀರು, ಕಾರಿನ ಮುಂದಾದರೆ ಲೀಟರಿಗೆ ಕಿಲೋಮೀಟರು. ಕೊಡದೆ ಇರುವಂಥದ್ದನ್ನು ಕೊಟ್ಟಿಗೆಯಲ್ಲಿ ಯಾರೂ ಕಟ್ಟಿಕೊಳ್ಳುವುದಿಲ್ಲ.

"ಹದಿನೇಳು ಚಿಲ್ಲರೆ" ಅಂದೆ, ಷೋರೂಮಿನವರು ಹೇಳಿದ್ದನ್ನೇ ಒಪ್ಪಿಸುತ್ತ.

ಅವರು ನಕ್ಕರು. ಆ ನಗು ನನಗೆ ಗೊತ್ತು. ದನದ ಜಾತ್ರೆಯಲ್ಲಿ "ಹೊತ್ತಿಗೆ ಹತ್ತು ಲೀಟ್ರು ಸ್ವಾಮಿ" ಎಂದವನ ಎದುರಿಗೆ ಅನುಭವಸ್ಥರು ನಗುವ ನಗು. ಹಿಂದಿನ ಸಂಜೆ ಕರೆಯದೆ ಬಿಟ್ಟು, ಕೆಚ್ಚಲು ಬಿಗಿಯುವಂತೆ ಮಾಡಿಯೇ ಹಸುವನ್ನು ಜಾತ್ರೆಗೆ ಹೊಡೆದುಕೊಂಡು ಬಂದಿರುತ್ತಾರೆ. ಅದಕ್ಕೇ ತಿಳಿದವರು ಮಾರುವವನ ಮನೆಗೇ ಹೋಗಿ, ಮೂರು ಹೊತ್ತು ಕರೆದು ನೋಡಿ, ಆಮೇಲೆ ಹಗ್ಗ ಹಿಡಿಯುವುದು. ಕಾರನ್ನು ಮೂರು ಹೊತ್ತು ಕರೆದು ನೋಡಲು ಯಾವ ಷೋರೂಮಿನವರು ಬಿಡುತ್ತಾರೆ?

ಹಾಗಂತ ಆ ಹದಿನೇಳು ಸುಳ್ಳಲ್ಲ. ಪುಣೆಯಲ್ಲಿ ಎಆರ್‌ಎಐ ಎಂಬ ಸಂಸ್ಥೆಯಿದೆ. ಇಂಥ ಕಡೆ ಕಾರನ್ನು ಉರುಳೆಗಳ ಮೇಲೆ ನಿಲ್ಲಿಸಿ, ಸುಮಾರು 20 ನಿಮಿಷ ಒಂದು ಗೊತ್ತಾದ ಲಯದಲ್ಲಿ ಓಡಿಸುತ್ತಾರೆ. ಕಾರು ಓಡುತ್ತದೆ, ಆದರೆ ಎಲ್ಲಿಗೂ ಹೋಗುವುದಿಲ್ಲ. ವೇಗ 90 ದಾಟುವುದಿಲ್ಲ, ಎ.ಸಿ. ಹಾಕುವುದಿಲ್ಲ. ಅಲ್ಲಿ ಎದುರುಗಾಳಿಯಿಲ್ಲ, ಹಂಪಿಲ್ಲ, ಎಳನೀರು ಮಾರುಕಟ್ಟೆಯ ಮುಂದೆ ಅಡ್ಡಡ್ಡ ನಿಂತ ಲಾರಿಯಿಲ್ಲ, ಹಿಂದಿನ ಸೀಟಿನಲ್ಲಿ ಅವ್ವನಿಲ್ಲ. ಅಷ್ಟು ನೆಮ್ಮದಿ ಸಿಕ್ಕರೆ ನಾನೂ ಹದಿನೇಳು ಕೊಟ್ಟೇನು.

ಹೀಗಾಗಿ ನಾನೇ ಕರೆದು ನೋಡಲು ಹೊರಟೆ. ವಿಧಾನ ಹಳೆಯದು. ಟ್ಯಾಂಕ್ ತುಂಬಿಸು, ಮೀಟರು ಸೊನ್ನೆ ಮಾಡು, ಓಡಿಸು, ಮತ್ತೆ ಅದೇ ಬಂಕಿನಲ್ಲಿ ತುಂಬಿಸಿ ಭಾಗಿಸು. ಇದಕ್ಕೆ ದೊಡ್ಡ ಅಡ್ಡಿಯೆಂದರೆ ಬಂಕಿನ ಹುಡುಗನ ಔದಾರ್ಯ. ನಳಿಕೆ 'ಟಕ್' ಎಂದು ತಾನೇ ನಿಂತಾಗ ನಿಲ್ಲಿಸಬೇಕು. ಅವನಿಗೋ 2,437 ರೂಪಾಯಿ ಎಂಬ ಅಂಕಿ ಕಂಡರೆ ಕಣ್ಣಲ್ಲಿ ಕಸ ಬಿದ್ದಂತಾಗುತ್ತದೆ. "ಸಾರ್, ರೌಂಡ್ ಮಾಡ್ಬುಡ್ತೀನಿ" ಎನ್ನುತ್ತ ಕುಯ್ ಕುಯ್ ಎಂದು ಒತ್ತಿ 2,500 ಮಾಡಿಬಿಡುತ್ತಾನೆ. ಎರಡು ಸಲ ನನ್ನ ಸಂಶೋಧನೆ ಹೀಗೆ ಮಣ್ಣುಪಾಲಾಯಿತು. ಮೂರನೆಯ ಸಲ ಕಾರಿನಿಂದ ಇಳಿದು ಅವನ ಕೈ ಹಿಡಿದುಕೊಂಡೇ ನಿಂತೆ.

ಬಂದ ಲೆಕ್ಕ ಇದು: ಪೇಟೆಯೊಳಗೆ 10.8. ದಶಪಥದಲ್ಲಿ 14.3.

ದಶಪಥ ನಮ್ಮದೇ. ಪ್ರಧಾನಿಯವರು 2023ರ ಮಾರ್ಚ್ 12ರಂದು ಅದನ್ನು ಉದ್ಘಾಟಿಸಿದ್ದು ನಮ್ಮ ತಾಲ್ಲೂಕಿನ ಗೆಜ್ಜಲಗೆರೆಯಲ್ಲಿ. ಬೆಂಗಳೂರು–ಮೈಸೂರು ನಡುವಿನ ಸುಮಾರು 118 ಕಿಲೋಮೀಟರಿನ ಆ ರಸ್ತೆ ಮದ್ದೂರನ್ನು ಮುಟ್ಟುವುದಿಲ್ಲ, ಮೇಲೇ ಹಾರಿಕೊಂಡು ಹೋಗುತ್ತದೆ. ಒಂದು ಕಾಲಕ್ಕೆ ಬಸ್ಸು ನಿಂತು, "ಹತ್ತೇ ನಿಮಿಷ" ಎಂದ ಕಂಡಕ್ಟರೇ ಮೊದಲು ಇಳಿದು ವಡೆಗೆ ಕೈಯೊಡ್ಡುತ್ತಿದ್ದ ಊರು. ರೈಲ್ವೆ ಸ್ಟೇಷನ್ನಿನಲ್ಲಿ ಹುಟ್ಟಿದ ವಡೆಗೆ ರೈಲಿನ ವೇಳಾಪಟ್ಟಿಯೂ ಗೊತ್ತಿತ್ತು, ಬಸ್ಸಿನ ವೇಳಾಪಟ್ಟಿಯೂ ಗೊತ್ತಿತ್ತು. ಈಗ ಕಾರುಗಳು ತಲೆಯ ಮೇಲೆ ನೂರರಲ್ಲಿ ಹೋಗುತ್ತವೆ. ಕೆಳಗೆ ಈರುಳ್ಳಿ ಬೇಯುವ ವಾಸನೆ ಅಷ್ಟು ಎತ್ತರಕ್ಕೆ ಏರುತ್ತದೋ ಇಲ್ಲವೋ. ಏರಿದರೂ ಗಾಜು ಮುಚ್ಚಿರುತ್ತದೆ.

ಮಗನ ಮನೆಗೆ ಬೆಂಗಳೂರಿಗೆ ಹೋಗುವಾಗ ನಾನೂ ಮೇಲೆ ಹತ್ತುತ್ತೇನೆ. ಗಾಳಿಯ ಅಡ್ಡಿ ವೇಗದ ವರ್ಗದಂತೆ ಏರುತ್ತದೆ ಎಂದು ನಮ್ಮ ಶಾಲೆಯ ವಿಜ್ಞಾನದ ಮೇಷ್ಟ್ರು ಹೇಳುತ್ತಿದ್ದರು. 80ರಲ್ಲಿ ಇದ್ದ ಅಡ್ಡಿ 100ಕ್ಕೆ ಒಂದೂವರೆಪಟ್ಟು ಮೀರುತ್ತದೆ. ಅದರಲ್ಲೂ ನನ್ನದರಂಥ ಎಸ್‌ಯುವಿ ಎಂದರೆ ಎದೆ ಉಬ್ಬಿಸಿ ಗಾಳಿಗೆ ಎದುರು ನಿಂತ ಪೈಲ್ವಾನ. ಅದಕ್ಕೇ ಎಡಪಕ್ಕದಲ್ಲಿ 80ರಲ್ಲೇ ಹೋಗುತ್ತೇನೆ. "ಇದಕ್ಕೆ ಇಷ್ಟು ಲಕ್ಷ ಸುರೀಬೇಕಿತ್ತಾ? ಎತ್ತಿನ ಗಾಡಿ ಸಾಕಿತ್ತು" ಎನ್ನುತ್ತಾಳೆ ನನ್ನವಳು.

ಇನ್ನೊಂದು ಸೋರಿಕೆ ಇದೆ. ಅದನ್ನು ಹೇಳಲು ನಾಚಿಕೆ. ಈಗ ಬಂಕಿನಲ್ಲಿ ಸಿಗುವ ಪೆಟ್ರೋಲಿನಲ್ಲಿ ನೂರಕ್ಕೆ 20 ಪಾಲು ಎಥೆನಾಲು. 2030ಕ್ಕೆ ಎಂದಿದ್ದ ಗುರಿಯನ್ನು 2025ರಲ್ಲೇ ಮುಟ್ಟಿದ್ದಾರೆ. ಲೀಟರಿಗೆ ಲೀಟರು ತೂಗಿದರೆ ಎಥೆನಾಲಿನ ಕಸುವು ಪೆಟ್ರೋಲಿಗಿಂತ ಸುಮಾರು ಮೂರನೇ ಒಂದು ಪಾಲು ಕಮ್ಮಿ. ಆ ಎಥೆನಾಲು ಬರುವುದೆಲ್ಲಿಂದ? ಅಕ್ಕಿ, ಮುಸುಕಿನ ಜೋಳದಿಂದಲೂ ಹೌದು, ಕಬ್ಬಿನ ರಸ, ಕಾಕಂಬಿಯಿಂದಲೂ ಹೌದು. ವಿ.ಸಿ. ನಾಲೆಯ ನೀರು ಕುಡಿದು ಬೆಳೆದ ನಮ್ಮ ಎರಡೆಕರೆ ಕಬ್ಬೂ ಪ್ರತಿವರ್ಷ ಕಾರ್ಖಾನೆಗೆ ಹೋಗುತ್ತದೆ. ಮೈಲೇಜು ಕುಡಿದ ಕಳ್ಳನನ್ನು ಹಿಡಿಯಲು ಹೋದರೆ ಮನೆಮಗನೇ ಸಿಕ್ಕಿಬಿದ್ದ ಹಾಗಾಯಿತು. ಬಂಕಿನವರ ಹತ್ತಿರ ಜಗಳವಾಡುವ ನೈತಿಕ ಹಕ್ಕು ಮಂಡ್ಯ ಜಿಲ್ಲೆಯವರಿಗೆ ಇಲ್ಲ ಎಂದು ಸುಮ್ಮನಾದೆ.

ಮಿಕ್ಕಂತೆ ಕಾರು ಒಳ್ಳೆಯದೇ. ನೆಲದಿಂದ ಒಂದು ಗೇಣಿಗೆ ತುಸು ಕಮ್ಮಿ ಎತ್ತರ, ಗದ್ದೆ ದಾರಿಯಲ್ಲಿ ಹೊಟ್ಟೆ ತಾಗುವುದಿಲ್ಲ. ಆದರೆ ಅಷ್ಟೆತ್ತರಕ್ಕೆ ಅವ್ವ ಹತ್ತಬೇಕಲ್ಲ! ಅದಕ್ಕೆ ಡಿಕ್ಕಿಯಲ್ಲಿ ಯಾವಾಗಲೂ ಒಂದು ಮಣೆ ಇರುತ್ತದೆ. ಸೂರಿನಲ್ಲಿ ಕಿಂಡಿ ಬೇರೆ. ಅದು ತೆರೆದುಕೊಂಡದ್ದನ್ನು ನೋಡಿ ಅವ್ವ, "ಹೊಸದಕ್ಕೇ ತೂತು ಬಿಟ್ಟವ್ರಲ್ಲೋ, ಸೋರಕಿಲ್ವಾ?" ಅಂದಳು. ಹಿಂದಿನ ಸೀಟಿನಲ್ಲಿ ಅಚ್ಚುಬೆಲ್ಲದ ಮೂಟೆ ಇಟ್ಟರೆ ಕಾರು ಅದನ್ನು ಮನುಷ್ಯನೆಂದೇ ತಿಳಿದು ಕೀಂಕೀಂ ಹೊಡೆದುಕೊಳ್ಳುತ್ತದೆ. ಬೆಲ್ಲಕ್ಕೆ ಬೆಲ್ಟ್ ಕಟ್ಟಿಕೊಂಡು ಓಡಾಡುವುದು ಈಗ ರೂಢಿಯಾಗಿದೆ.

ಲೆಕ್ಕದ ಈ ಹುಚ್ಚು ನನಗೆ ಬಂದದ್ದು ಅಪ್ಪನಿಂದ. ಅಪ್ಪನ ಹತ್ತಿರ ಯೆಜ್ಡಿ ಬೈಕು ಇತ್ತು. ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆಯದು. ಆ ಕಾರ್ಖಾನೆ 1996ರಲ್ಲಿ ಬಾಗಿಲು ಹಾಕಿತು, ಅಪ್ಪ ಅದಾದ ಮೇಲೂ ಗಾಡಿ ಓಡಿಸುತ್ತಿದ್ದ. ಅಡಿಗೆಮನೆಯ ಗೂಟಕ್ಕೆ ಒಂದು ಬಿದಿರು ಸೀಳು ನೇತಾಡುತ್ತಿತ್ತು. ಬೆಳಿಗ್ಗೆ ಎದ್ದು ಟ್ಯಾಂಕಿನ ಮುಚ್ಚಳ ತೆಗೆದು ಅದನ್ನು ಅದ್ದುವುದು, ಎತ್ತಿ ಬೆಳಕಿಗೆ ಹಿಡಿಯುವುದು. ಚಾಕುವಿನಲ್ಲಿ ಕೊರೆದ ಮೂರು ಗುರುತು: ಕೆಳಗಿನದಕ್ಕೆ ಒದ್ದೆಯಾದರೆ ಮಂಡ್ಯಕ್ಕೆ ಹೋಗಿಬರಬಹುದು, ನಡುವಿನದಕ್ಕೆ ಮಳವಳ್ಳಿ ಅತ್ತೆಯ ಮನೆ ದಾಟಿ ಶಿವನಸಮುದ್ರ, ಮೇಲಿನದಕ್ಕೆ ಮೈಸೂರು. ಪೆಟ್ರೋಲು ಆರುವ ಮೊದಲೇ ಓದಬೇಕು. ನನ್ನ ಕಾರಿನ ಪರದೆ "ಇನ್ನು 412 ಕಿಲೋಮೀಟರು" ಎನ್ನುತ್ತದೆ, ಹತ್ತು ನಿಮಿಷ ಕಳೆದು 380 ಎನ್ನುತ್ತದೆ. ಬಿದಿರು ಒಮ್ಮೆ ಹೇಳಿದ್ದನ್ನು ಬದಲಾಯಿಸುತ್ತಿರಲಿಲ್ಲ. 2023ರ ಆಗಸ್ಟ್ 1ರಿಂದ ದಶಪಥದ ಮುಖ್ಯರಸ್ತೆಗೆ ಬೈಕುಗಳನ್ನು ಬಿಡುವುದಿಲ್ಲ. ಮೈಸೂರಿನಲ್ಲೇ ಹುಟ್ಟಿದ ಯೆಜ್ಡಿ ಇವತ್ತಿದ್ದಿದ್ದರೆ ಸರ್ವೀಸ್ ರಸ್ತೆಯಲ್ಲೇ ತವರಿಗೆ ಹೋಗಬೇಕಿತ್ತು.

ಕಳೆದ ತಿಂಗಳು ಅವ್ವನನ್ನು ಕೂರಿಸಿಕೊಂಡು ಕೆ.ಎಂ. ದೊಡ್ಡಿ ಕಡೆ ಹೊರಟಿದ್ದೆ. ಮುಂದೆ ಕಬ್ಬಿನ ಟ್ರ್ಯಾಕ್ಟರು. ಎರಡು ಟ್ರೈಲರು, ಎರಡೂ ಪಕ್ಕಕ್ಕೆ ಸೊಂಟ ಮುರಿದಂತೆ ಜೋತುಬಿದ್ದ ಹೊರೆ. ಓವರ್‌ಟೇಕ್ ಮಾಡುವ ಮಾತೇ ಇಲ್ಲ. ಒಂದೇ ಸಮನೆ ಮೂವತ್ತರಲ್ಲಿ, ಬ್ರೇಕಿಲ್ಲ, ಗೇರಿಲ್ಲ. ಪರದೆ ನೋಡಿದೆ: 16. ಆಮೇಲೆ 17. ಕಾರ್ಖಾನೆ ಹತ್ತಿರವಾಗುತ್ತಿದ್ದಂತೆ 17.9! ಪುಣೆಯ ಉರುಳೆಗಳ ಮೇಲೆ ಬಂದ ಅಂಕಿ ಕಬ್ಬಿನ ಟ್ರ್ಯಾಕ್ಟರಿನ ಬೆನ್ನಿಗೆ ಬಂತು.

ಅಷ್ಟರಲ್ಲಿ ಟ್ರೈಲರಿನಿಂದ ಒಂದು ಹೊರೆ ಕಳಚಿ ರಸ್ತೆಗೆ ಬಿತ್ತು. ಎಲ್ಲ ನಿಂತೆವು. ನನ್ನ ಕಾರಿಗೆ ನಿಂತ ಕಡೆ ತಾನಾಗಿ ಇಂಜಿನ್ ಆರಿಸುವ ಬುದ್ಧಿ ಕಲಿಸಿದ್ದಾರೆ. ಆರಿತು. ಒಮ್ಮೆಲೇ ನಿಶ್ಶಬ್ದ.

"ನಿಮ್ಮಪ್ಪನಂಗೇ ಆಯ್ತಲ್ಲ ಇದು" ಅಂದಳು ಅವ್ವ ಹಿಂದಿನಿಂದ.

ಹೌದು. ಇಳಿಜಾರು ಕಂಡರೆ ಸಾಕು, ಅಪ್ಪ ಇಂಜಿನ್ ಆರಿಸಿಬಿಡುತ್ತಿದ್ದ. ನಾನು ಮುಂದೆ ಟ್ಯಾಂಕಿನ ಮೇಲೆ, ಅವ್ವ ಹಿಂದೆ. ಗಾಳಿಗೆ ಅವಳ ಸೆರಗಿನ ಪಟಪಟ ಮಾತ್ರ.

"ಆ ಗಾಡಿ ಸದ್ದಲ್ಲಿ ಒಂದ್ ಮಾತಾಡಕ್ಕಾಯ್ತಿರ್ಲಿಲ್ಲ ಕನ್ಲಾ. ಇಳಿಜಾರ್ ಬಂದ್ರೆ ನಾವಿಬ್ರೂ ಮಾತಾಡೋದು."

ಎ.ಸಿ.ಗೆ ಸೆಕೆ ತಡೆಯಲಾಗದೆ ಇಂಜಿನ್ ಮತ್ತೆ ಹೊತ್ತಿಕೊಂಡಿತು. ನಾನು ಎ.ಸಿ. ಬಂದ್ ಮಾಡಿ ಗಾಜು ಇಳಿಸಿದೆ. ಮತ್ತೆ ಆರಿತು. ಹಸಿ ಕಬ್ಬಿನ ವಾಸನೆ ಒಳಗೆ ಬಂತು. ಆಳುಗಳು ಜಲ್ಲೆಗಳನ್ನು ಒಂದೊಂದಾಗಿ ಆಯ್ದು ಮೇಲಕ್ಕೆಸೆಯುತ್ತಿದ್ದರು. ಅವರಿಗೂ ಅವಸರವಿದ್ದಂತೆ ಕಾಣಲಿಲ್ಲ.

"ಏನ್ ಮಾತಾಡ್ತಿದ್ರಿ ಅವ್ವ, ಇಳಿಜಾರಲ್ಲಿ?"

ಅವ್ವ ಹೊರಗೆ ನೋಡುತ್ತ ಸ್ವಲ್ಪ ಹೊತ್ತು ನಕ್ಕಳು.

"ಇನ್ನೇನ್ ಮಾತಾಡಾನು ನಿಮ್ಮಪ್ಪ? ಈ ಇಳಿಜಾರಲ್ಲಿ ಎಷ್ಟ್ ಉಳೀತು ಅಂತ ಲೆಕ್ಕ ಹೇಳೋನು."