ದಾಸರ ಕಿವಿ

ಕ್ಯಾರಿಕೇಚರ್ ಅಂದ್ರೆ ಉದ್ದ ಮೂಗನ್ನ ಇನ್ನಷ್ಟು ಉದ್ದ ಬರೆಯೋದು ಅಂತ ತುಂಬಾ ಜನ ಅಂದ್ಕೊಂಡಿದ್ದಾರೆ. ಅದು ಅರ್ಧ ನಿಜ. 1982ರಲ್ಲಿ ಎಂಐಟಿಯ ಸೂಸನ್ ಬ್ರೆನನ್ ಈ ವಿದ್ಯೆಯನ್ನ ಕಂಪ್ಯೂಟರಿಗೆ ಕಲಿಸಿದರು. ಹಲವು ಮುಖಗಳ ಸರಾಸರಿ ತೆಗೆದು, ಈ ಮನುಷ್ಯನ ಮುಖ ಅದಕ್ಕಿಂತ ಎಲ್ಲಿ ಬೇರೆಯೋ ಆ ವ್ಯತ್ಯಾಸವನ್ನ ಹಿಗ್ಗಿಸೋದು. ನಮ್ಮ ಆಫೀಸಿನ ಭಾಷೆಯಲ್ಲಿ, ಡಿಫ್ ತೆಗೆದು ಎರಡರಿಂದ ಗುಣಿಸಿದ ಹಾಗೆ.

ಆದರೆ ಮುಖವೇ ಗೊತ್ತಿಲ್ಲದವರನ್ನ ಬರೆಯೋದು ಹೇಗೆ?

ಸಾಗರದಲ್ಲಿ ನಮ್ಮ ದೊಡ್ಡಮ್ಮ ಸಂಗೀತ ಪಾಠ ಹೇಳ್ತಾರೆ. ಪುಷ್ಯ ಅಮಾವಾಸ್ಯೆಗೆ ಪುರಂದರದಾಸರ ಆರಾಧನೆ. "ಮಕ್ಳಿಗೆ ನಗು ಬರೋ ಹಾಂಗೆ ದಾಸರದ್ದೊಂದು ಚಿತ್ರ ಬರ್ಕೊಡು ಮಾರಾಯ" ಅಂತ ಫೋನ್ ಮಾಡಿದ್ರು. ದಾಸರನ್ನ ನೋಡಿ ನಗಬಹುದಾ ಅನ್ನೋ ಅಳುಕು ನನಗಿತ್ತು. ಆದರೆ ಡಾಂಭಿಕ ಭಕ್ತರನ್ನ ಅವರಷ್ಟು ಚೆನ್ನಾಗಿ ಗೇಲಿ ಮಾಡಿದವರು ಕನ್ನಡದಲ್ಲಿ ಎಷ್ಟು ಜನ ಇದ್ದಾರೆ? ಬೇಜಾರು ಮಾಡ್ಕೊಳ್ಳಲಿಕ್ಕಿಲ್ಲ ಅನ್ನಿಸ್ತು.

ದಾಸರು ತೀರಿಕೊಂಡಿದ್ದು 1564ರಲ್ಲಿ. ನಾವು ನೋಡೋ ಮುಖ ಎಲ್ಲ ಆಮೇಲಿನವರ ಕಲ್ಪನೆ. ನಾನೂರು ವರ್ಷ ತುಂಬಿದ 1964ರಲ್ಲಿ ಅಂಚೆ ಚೀಟಿ ಬಂತು, ಅದೇ ವರ್ಷ 'ನವಕೋಟಿ ನಾರಾಯಣ' ಸಿನಿಮಾನೂ ಬಂತು. ಅದನ್ನ ನೋಡಿ ಬರೆದ್ರೆ ಅದು ರಾಜಕುಮಾರರ ಕ್ಯಾರಿಕೇಚರ್ ಆಗುತ್ತೆ. ತಂಬೂರಿ, ಗೆಜ್ಜೆ, ನಾಮ ಬರೆದ್ರೆ ಯಾವ ದಾಸರೂ ಆಗಬಹುದು. ಅವರ ಹುಟ್ಟೂರಿನ ಬಗ್ಗೆಯೂ ಎರಡು ವಾದ. ಪುಣೆ ಹತ್ತಿರದ ಪುರಂದರಗಡ ಅಂತ ಒಂದು, ತೀರ್ಥಹಳ್ಳಿ ತಾಲೂಕಿನ ಆರಗದ ಪಕ್ಕದ ಕ್ಷೇಮಪುರ ಅಂತ ಇನ್ನೊಂದು. ಕ್ಷೇಮಪುರದವರೇ ಆಗಿದ್ರೆ ನಮ್ಮ ಕಡೆಯವರೇ. ಆದ್ರೂ ಮೂಗು ಹೇಗಿತ್ತು ಅಂತ ಅದರಿಂದ ಗೊತ್ತಾಗಲ್ಲ.

ಹಾಗಾದ್ರೆ ಅವರಲ್ಲಿ ಮಾತ್ರ ಇದ್ದ ವ್ಯತ್ಯಾಸ ಯಾವುದು? ಉತ್ತರ ಸಿಕ್ಕಿದ್ದು ನನ್ನ ಪಿಯುಸಿ ದಿನಗಳಲ್ಲಿ. ಹೊಸನಗರ ಕಡೆಯ ನಮ್ಮ ಹಳ್ಳಿಯಿಂದ ಬಂದು ಎರಡು ವರ್ಷ ದೊಡ್ಡಮ್ಮನ ಮನೇಲಿದ್ದೆ. ಸಂಜೆ ನಾನು ಗಣಿತ ಮಾಡ್ತಾ ಕೂತಿದ್ರೆ, ಜಗಲಿಯಲ್ಲಿ ಹದಿನೈದಿಪ್ಪತ್ತು ಮಕ್ಕಳು ಮಾಯಾಮಾಳವಗೌಳದಲ್ಲಿ ಸರಳೆ ವರಸೆ ಶುರು ಮಾಡೋರು, ಒಬ್ಬೊಬ್ಬರದ್ದು ಒಂದೊಂದು ಶ್ರುತಿ. ಸರಳೆ, ಜಂಟಿ, ಅಲಂಕಾರ, ಪಿಳ್ಳಾರಿ ಗೀತೆ, ಈ ಪಾಠದ ಕ್ರಮ ದಾಸರದ್ದು ಅಂತಲೇ ಅವರನ್ನ ಸಂಗೀತ ಪಿತಾಮಹ ಅನ್ನೋದು. ತಮಿಳುನಾಡಿನ ಮಗುವೂ ಅಮೆರಿಕದಲ್ಲಿ ಕಲಿಯೋ ಮಗುವೂ ಅಪಸ್ವರ ಹಾಡೋದು ಅಲ್ಲಿಂದಲೇ.

ಅಂದ್ರೆ ಅಷ್ಟೂ ಅಪಸ್ವರವನ್ನ ಇವತ್ತಿಗೂ ಕೇಳ್ತಾ ಇರೋ ಮನುಷ್ಯ! ಮೊರದಷ್ಟು ಅಗಲದ ಎರಡು ಕಿವಿ ಬರೆದೆ. ಒಂದು ಕಣ್ಣು ಧ್ಯಾನದಲ್ಲಿ ಮುಚ್ಚಿದೆ. ಇನ್ನೊಂದು, ಯಾರಪ್ಪ ಅದು ಗಾಂಧಾರ ತಪ್ಪಿದ್ದು ಅಂತ ಅರ್ಧ ತೆರೆದಿದೆ.

ವಾಟ್ಸಾಪಿನಲ್ಲಿ ಕಳಿಸಿದೆ. ದೊಡ್ಡಮ್ಮ ಕೂಡ್ಲೇ ಫೋನ್ ಮಾಡಿ ಸುಮಾರು ಹೊತ್ತು ನಕ್ಕರು. ಆಮೇಲೆ, "ಕಿವಿ ಇಷ್ಟು ದೊಡ್ಡದು ಎಂತಕ್ಕೆ ಮಾರಾಯ? ಈಗ ನಮ್ಮಲ್ಲಿ ಇರೋದು ನಾಲ್ಕೇ ಮಕ್ಳು" ಅಂದ್ರು.

ಆ ಜಗಲಿಯಲ್ಲಿ ಕೂತು ಹಾಡ್ತಿದ್ದವರಲ್ಲಿ ಮೂವರು ಈಗ ಬೆಂಗಳೂರಲ್ಲಿ ನನ್ನ ಹಾಗೇ ಕಂಪ್ಯೂಟರ್ ಮುಂದೆ ಕೂತಿದ್ದಾರೆ. ನಮ್ಮ ಮಕ್ಕಳು ಇಲ್ಲೇ ಹುಟ್ಟಿ ಇಲ್ಲೇ ಶಾಲೆಗೆ ಹೋಗ್ತಿದ್ದಾರೆ. ದೊಡ್ಡಮ್ಮನಿಗೆ ಏನು ಹೇಳಬೇಕು ಅಂತ ನನಗೆ ತೋಚಲಿಲ್ಲ.

ಕಿವಿ ಚಿಕ್ಕದು ಮಾಡಲಿಲ್ಲ. ದಾಸರ ಮುಂದೆ ನಾಲ್ಕೂ ಮಕ್ಕಳನ್ನ ಸಾಲಾಗಿ ಕೂರಿಸಿ ಬರೆದೆ. ಪಕ್ಕದಲ್ಲಿ ಇನ್ನೂ ನಾಲ್ಕೈದು ಜನ ಕೂರೋವಷ್ಟು ಚಾಪೆ ಖಾಲಿ ಬಿಟ್ಟಿದ್ದೀನಿ.