ಫೋಕಸ್ ತಪ್ಪಿದ ಎಂಟು ಫೋಟೊಗಳು

ಕಳೆದ ವರ್ಷ ಚೌತಿಗೆ ತೀರ್ಥಹಳ್ಳಿಗೆ ಹೋದಾಗ, ಮಾವ ಅಟ್ಟದಿಂದ ಹಳೇ ಬಿಸ್ಕತ್ ಡಬ್ಬ ಒಂದನ್ನು ಇಳಿಸಿ ನನ್ನ ಕೈಗಿಟ್ಟರು. ಒಳಗೆ ಪಂಚೆಯ ತುಂಡಿನಲ್ಲಿ ಸುತ್ತಿಟ್ಟ ನಿಕಾನ್ ಎಫ್‌ಎಂ2 ಕ್ಯಾಮೆರಾ, ಜೊತೆಗೊಂದು ಜೂಮ್ ಲೆನ್ಸ್.

"ನಿಂಗೆ ಇದ್ರ ಹುಚ್ಚು ಅಲ್ದಾ, ತಗೊಂಡು ಹೋಗು. ನಂಗೆ ಇನ್ನೆಂತಕ್ಕೆ?"

ಒಂದು ಕಾಲಕ್ಕೆ ನಮ್ಮ ಕಡೆಯ ಮದುವೆ, ಉಪನಯನ, ಗೃಹಪ್ರವೇಶಗಳಿಗೆಲ್ಲ ಮಾವನೇ ಫೋಟೊಗ್ರಾಫರ್. ಡಿಜಿಟಲ್ ಬಂದ ಮೇಲೆ ಬಿಟ್ಟುಬಿಟ್ಟರು. ಈಗ ತೋಟ, ಅಡಿಕೆ, ಫ್ಯಾಮಿಲಿ ಗ್ರೂಪಿಗೆ ಕಳಿಸೋ ಗುಡ್ ಮಾರ್ನಿಂಗ್ ಫೋಟೊಗಳು.

ಲೆನ್ಸು ನಿಕಾನ್ ಸೀರೀಸ್ ಇ, 75–150 ಎಂಎಂ, ಎಫ್/3.5. ಬಂದಿದ್ದು 1980ರಲ್ಲಿ. ಈ ಸೀರೀಸ್ ಸ್ವಲ್ಪ ಅಗ್ಗದ್ದು, ಹಾಗಾಗಿ ಅದರ ಮೇಲೆ 'ನಿಕ್ಕರ್' ಅನ್ನೋ ಹೆಸರು ಇರುವುದಿಲ್ಲ. ಮಾವ ಅದನ್ನು "ಬಡವರ ಜೂಮ್" ಅಂತಲೇ ಕರೆಯೋದು. ಆದರೆ ಕೆಲಸದಲ್ಲಿ ಬಡತನ ಇಲ್ಲ. ಎಷ್ಟು ಜೂಮ್ ಮಾಡಿದರೂ ಅಪರ್ಚರ್ 3.5 ಹಾಗೇ ಇರುತ್ತದೆ, ಪ್ರತಿ ಸಲ ಶಟರ್ ಸ್ಪೀಡ್ ಬದಲಿಸೋ ತಲೆಬಿಸಿ ಇಲ್ಲ. ಜೂಮಿಗೂ ಫೋಕಸ್ಸಿಗೂ ಒಂದೇ ರಿಂಗ್: ಹಿಂದೆ ಮುಂದೆ ಜಾರಿಸಿದರೆ ಜೂಮ್, ತಿರುಗಿಸಿದರೆ ಫೋಕಸ್. ವಯಸ್ಸಾದ ಇಂಥ ಲೆನ್ಸ್‌ಗಳಲ್ಲಿ ರಿಂಗ್ ಸಡಿಲವಾಗಿ, ಕ್ಯಾಮೆರಾ ಬಗ್ಗಿಸಿದರೆ ತಾನಾಗಿಯೇ ಜಾರುವುದುಂಟು. ಮಾವ ಅದಕ್ಕೆ ರಿಂಗಿನ ಕೆಳಗೆ ಟೇಪಿನ ಸಣ್ಣ ಚೂರು ಅಂಟಿಸಿಟ್ಟಿದ್ದರು.

ಟಾರ್ಚ್ ಬಿಟ್ಟು ನೋಡಿದರೆ ಗಾಜಿನೊಳಗೆ ಜೇಡರ ಬಲೆಯಂಥ ಫಂಗಸ್. ಮಲೆನಾಡಿನ ಮಳೆ, ಕತ್ತಲ ಡಬ್ಬ, ಇಷ್ಟು ವರ್ಷ! ಬೆಂಗಳೂರಿಗೆ ತಂದು, ಹಳೇ ಕ್ಯಾಮೆರಾ ರಿಪೇರಿ ಮಾಡೋ ಹಿರಿಯರೊಬ್ಬರಿಗೆ ಕೊಟ್ಟೆ. ಅವರು ಬಿಚ್ಚಿ, ಒರೆಸಿ, ಜೋಡಿಸಿ ಕೊಟ್ಟರು. ಅದೃಷ್ಟಕ್ಕೆ ಗಾಜಿನ ಕೋಟಿಂಗ್ ಹಾಳಾಗಿರಲಿಲ್ಲ.

ದೀಪಾವಳಿಗೆ ಕಪ್ಪು-ಬಿಳುಪು ಫಿಲ್ಮ್ ಹಾಕಿಕೊಂಡೇ ಊರಿಗೆ ಹೋದೆ. ಮಾವ ಜಗಲಿ ಮೇಲೆ ಕೂತು ಪಾಠ ಶುರು ಮಾಡಿದರು. "ಮೊದಲು 150ಕ್ಕೆ ತಗೊಂಡು ಹೋಗು. ಕಣ್ರೆಪ್ಪೆ ನೋಡಿ ಫೋಕಸ್ ಮಾಡು. ಆಮೇಲೆ ಎಷ್ಟು ಬೇಕೋ ಅಷ್ಟು ಹಿಂದೆ ಬಾ. ಫೋಕಸ್ ಕದಲೂದಿಲ್ಲ." ವ್ಯೂಫೈಂಡರಿನ ನಡುವೆ ಒಂದು ಪುಟ್ಟ ವೃತ್ತ. ಅದರಲ್ಲಿ ಚಿತ್ರ ಎರಡು ತುಂಡಾಗಿ ಕಾಣುತ್ತದೆ, ರಿಂಗ್ ತಿರುಗಿಸಿ ತುಂಡುಗಳನ್ನು ಕೂಡಿಸಿದರೆ ಫೋಕಸ್ ಆಯಿತು ಅಂತ ಲೆಕ್ಕ. 36 ಫೋಟೊಗಳಲ್ಲಿ ಎಂಟನ್ನು ಮಾವನೇ ತೆಗೆದರು. ಅತ್ತೆ, ನಾನು, ಅಂಗಳದ ದನ.

ವಾರದ ನಂತರ ಲ್ಯಾಬಿನಿಂದ ಸ್ಕ್ಯಾನ್ ಬಂತು. ನಾನು ತೆಗೆದವು ಬಹುತೇಕ ಚೆನ್ನಾಗಿದ್ದವು. ಮಾವ ತೆಗೆದ ಎಂಟರಲ್ಲಿ ಒಂದೂ ಫೋಕಸ್ಸಿನಲ್ಲಿರಲಿಲ್ಲ. ಒಂದರಲ್ಲಂತೂ ಅತ್ತೆಯ ಮುಖ ಮಸುಕು, ಹಿಂದಿನ ಅಡಿಕೆ ಮರ ಚೂಪು.

ಮೊದಲು ನಕ್ಕೆ. ಆಮೇಲೆ ನಗು ನಿಂತಿತು. ಸಾವಿರಾರು ಮದುವೆ ಫೋಟೊ ತೆಗೆದ ಕೈ ಅದು. ಆಫೀಸಿನಲ್ಲಿ ಬಗ್ ಹುಡುಕುವಾಗ ಕೇಳೋ ಪ್ರಶ್ನೆಯನ್ನೇ ಕೇಳಿಕೊಂಡೆ: ಯಾವುದು ಬದಲಾಗಿಲ್ಲ, ಯಾವುದು ಬದಲಾಗಿದೆ? ಅದೇ ಲೆನ್ಸ್, ಅದೇ ಫಿಲ್ಮ್, ಅದೇ ಬೆಳಕು. ಬದಲಾಗಿದ್ದು ನೋಡಿದ ಕಣ್ಣು ಮಾತ್ರ.

ಫೋನ್ ಮಾಡಿದೆ. "ಮಾವ, ನಿಜ ಹೇಳಿ. ಆ ವೃತ್ತದ ಒಳಗೆ ಗೆರೆ ಕೂಡಿದ್ದು ನಿಮಗೆ ಕಾಣ್ತಿತ್ತಾ?"

ಸ್ವಲ್ಪ ಹೊತ್ತು ಮಾತಿಲ್ಲ. "ಇಲ್ಲ ಮಾರಾಯ್ತಿ. ಅಂದಾಜಿನ ಮೇಲೆ ತೆಗ್ದೆ. ಫಂಗಸ್ ಪೂರ್ತಿ ಹೋಗಿಲ್ಲ ಅಂದ್ಕೊಂಡೆ."

ಆಮೇಲೆ ಒಂದೊಂದೇ ಹೊರಬಂತು. ಆರು ತಿಂಗಳಿಂದ ಎಲ್ಲವೂ ಮಂಜಿನೊಳಗೆ ಇದ್ದಂತೆ ಕಾಣುತ್ತಿತ್ತಂತೆ. ರಾತ್ರಿ ಎದುರಿಂದ ಗಾಡಿ ಬಂದರೆ ಹೆಡ್‌ಲೈಟ್ ಸುತ್ತ ಬೆಳಕು ಚೆಲ್ಲಿ ರಸ್ತೆಯೇ ಕಾಣುತ್ತಿರಲಿಲ್ಲವಂತೆ. ಆದರೂ ಪೇಟೆಯಿಂದ ಕತ್ತಲಲ್ಲೇ ಸ್ಕೂಟರ್ ಓಡಿಸಿಕೊಂಡು ಬರುತ್ತಿದ್ದರು! ಆಪರೇಷನ್ ಅಂದರೆ ಭಯ, ಹಾಗಾಗಿ ಯಾರಿಗೂ ಹೇಳಿರಲಿಲ್ಲ.

ನಮಗ್ಯಾಕೆ ಗೊತ್ತಾಗಲಿಲ್ಲ? ಮಾವ ದಿನಾ ಫೋನಿನಿಂದ ಫೋಟೊ ಕಳಿಸುತ್ತಿದ್ದರಲ್ಲ, ಎಲ್ಲವೂ ಸ್ಪಷ್ಟವಾಗೇ ಇರುತ್ತಿದ್ದವು. ಫೋಕಸ್ ಮಾಡುತ್ತಿದ್ದದ್ದು ಫೋನು, ಮಾವ ಅಲ್ಲ. ಈ ಲೆನ್ಸ್ ಹಾಗಲ್ಲ. 150ರಲ್ಲಿ ಪೂರ್ತಿ ಅಪರ್ಚರ್ ತೆರೆದು, ಎರಡು ಮೀಟರ್ ದೂರದ ಮುಖಕ್ಕೆ ಫೋಕಸ್ ಮಾಡಿದರೆ ಚೂಪಾಗಿ ಬರೋದು ಸುಮಾರು ನಾಲ್ಕು ಸೆಂಟಿಮೀಟರ್ ಆಳ ಅಷ್ಟೇ. ಕಣ್ಣಿಗೆ ಕಾಣದಿದ್ದರೆ ಫಿಲ್ಮಿನಲ್ಲಿ ಸುಳ್ಳು ಹೇಳಕ್ಕಾಗಲ್ಲ.

ಶಿವಮೊಗ್ಗದಲ್ಲಿ ಡಾಕ್ಟರು ನೋಡಿ ಎರಡೂ ಕಣ್ಣಿಗೆ ಪೊರೆ ಅಂದರು. ಕಣ್ಣಿನ ಪೊರೆ ಅಂದರೆ ಹೊರಗಡೆ ಬೆಳೆಯೋದೇನಲ್ಲ, ಕಣ್ಣಿನೊಳಗಿನ ಲೆನ್ಸೇ ಮಬ್ಬಾಗೋದು. ಅದನ್ನು ಒರೆಸಿ ಜೋಡಿಸೋ ಹಾಗಿಲ್ಲ, ತೆಗೆದು ಕೃತಕ ಲೆನ್ಸ್ ಕೂರಿಸಬೇಕು. ಸಂಕ್ರಾಂತಿ ಕಳೆದು ಒಂದು ಕಣ್ಣು, ಫೆಬ್ರವರಿಯಲ್ಲಿ ಇನ್ನೊಂದು. ಎರಡು ಸಲವೂ ಅದೇ ದಿನ ಮನೆಗೆ ಬಂದರು. ಇಷ್ಟಕ್ಕೆ ಇಷ್ಟು ದಿನ ಹೆದರಿದ್ದೆನಾ ಅಂತ ಅವರಿಗೇ ನಾಚಿಕೆ.

ಯುಗಾದಿಗೆ ಹೋದಾಗ ಜಗಲಿಯಲ್ಲಿ ಪೇಪರ್ ಓದಲು ಕನ್ನಡಕ ಹುಡುಕುತ್ತಿದ್ದರು. "ದೂರದ್ದು ಫಸ್ಟ್ ಕ್ಲಾಸ್, ಹತ್ರದ್ದಕ್ಕೆ ಕನ್ನಡಕ ಬೇಕು. ನಂದು ಈಗ ಫಿಕ್ಸೆಡ್ ಫೋಕಸ್, ಹಳೇ ಹಾಟ್‌ಶಾಟ್ ಕ್ಯಾಮೆರಾ ಇದ್ದ ಹಾಗೆ," ಅಂತ ಅವರೇ ನಕ್ಕರು. ನಾನು ಕ್ಯಾಮೆರಾ ಕೈಗೆ ಕೊಟ್ಟೆ. 150ಕ್ಕೆ ಜಾರಿಸಿದರು, ರಿಂಗನ್ನು ಒಂಚೂರು ಆಚೆ, ಒಂಚೂರು ಈಚೆ ತಿರುಗಿಸಿದರು.

"ಎಂತ ಮಾರಾಯ್ತಿ, ರಾತ್ರಿ ನಿದ್ದೆ ಮಾಡೂದಿಲ್ವಾ ನೀನು? ಕಣ್ಣ ಕೆಳಗೆ ಎಷ್ಟು ಕಪ್ಪು!"

ಶಟರ್ ಸದ್ದಾಯಿತು. ಆ ಫೋಟೊ ನನ್ನ ಹತ್ತಿರ ಇದೆ. ಕಣ್ಣ ಕೆಳಗಿನ ಕಪ್ಪು ಚೂಪಾಗಿ, ಸ್ಪಷ್ಟವಾಗಿ ಬಂದಿದೆ. ಕ್ಯಾಮೆರಾ, ಲೆನ್ಸ್ ಎರಡನ್ನೂ ಮಾವನ ಹತ್ತಿರವೇ ಬಿಟ್ಟು ಬಂದೆ. ಈ ಸಲ ಡಬ್ಬದಲ್ಲಲ್ಲ, ಗಾಳಿ ಬೆಳಕು ಬರೋ ಗಾಜಿನ ಕಪಾಟಿನಲ್ಲಿ.